ದೋಣಿಯ ಬ್ಯಾಟರಿ ಖಾಲಿಯಾದ ಬಗೆ

ನನ್ನ ಯಜಮಾನರು ಮೋಟಾರು ದೋಣಿಯ ಬ್ಯಾಟರಿಯನ್ನು ಚಾರ್ಜಿಗೆ ಹಾಕಲು ಮರೆತರು, ಆ ಮರೆವಿನಿಂದಲೇ ತೀರಿಕೊಂಡರು ಎಂಬುದು ನಮ್ಮ ಮನೆತನದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ವೃತ್ತಾಂತ. ಅದನ್ನು ಮೊದಲು ಹೇಳಿದವರು ದೋಣಿಯ ಮಾಲೀಕರು. ಅವರಿಂದ ಕೇಳಿ ಊರಿಗೆ ಒಯ್ದವರು ನನ್ನ ಭಾವ, ಅಂದರೆ ಯಜಮಾನರ ಅಣ್ಣ. ಕರ್ಮಾಂತರದ ದಿನಗಳು ಮುಗಿಯುವ ಹೊತ್ತಿಗೆ ಅದು ಹತ್ತು ಜನ ಕಣ್ಣಾರೆ ಕಂಡ ಸಂಗತಿಯಂತೆ ಗಟ್ಟಿಯಾಗಿತ್ತು. ನಾನು ಅದನ್ನು ನಂಬಲಿಲ್ಲ. ದುಃಖಕ್ಕೆ ನಂಬುತ್ತಿಲ್ಲ ಎಂದು ಜನ ತಿಳಿದರು. ಹಾಗಲ್ಲ, ದುಃಖವೆಂಬುದು ಆಗ ನನ್ನ ಹತ್ತಿರ ಬಂದೇ ಇರಲಿಲ್ಲ. ಅವರು ಹೇಳಿದ್ದಕ್ಕೂ ನಾನು ಕೇಳಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ವಿಜಾಪುರದ ಕಡೆಯಿಂದ ಬಂದ ನಾವು ಮರಾಠಿ ನಾಡಿನ ಧನಕವಡಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ಯಜಮಾನರು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಎಂಜಿನ್ನುಗಳೆಂದರೆ ಅವರಿಗೆ ಮೊದಲಿನಿಂದಲೂ ಹುಚ್ಚು. ಪಾನಶೇತದ ಹಿನ್ನೀರಿನ ದಂಡೆಯಲ್ಲಿ ಕರಾವಳಿಯ ಕಡೆಯವರೊಬ್ಬರು ಹೋಟೆಲು ನಡೆಸುತ್ತಿದ್ದರು. ಊಟಕ್ಕೆ ಬಂದವರನ್ನು ಸುತ್ತಾಡಿಸಲು ಒಂದು ಫೈಬರಿನ ದೋಣಿ ಇಟ್ಟು, ಅದರಲ್ಲಿ ಹಳೆಯ ಕಾರಿನ ಎಂಜಿನ್ ಕೂಡಿಸಿದ್ದರು. ಭಾನುವಾರಗಳಂದು ಆ ದೋಣಿಯನ್ನು ನಡೆಸುತ್ತಿದ್ದವರು ಯಜಮಾನರು. ಬ್ಯಾಟರಿ ಮಾತ್ರ ನಮ್ಮದು, ಅವರೇ ಕೊಂಡದ್ದು. ಹಿನ್ನೀರಿನ ದಂಡೆಯಲ್ಲಿ ಕರೆಂಟಿನ ಭರವಸೆ ಇರಲಿಲ್ಲವಾದ್ದರಿಂದ ಅದನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಮನೆಗೆ ತರುತ್ತಿದ್ದರು. ಶನಿವಾರ ಗ್ಯಾಲರಿಯಲ್ಲಿ, ಅಂದರೆ ಮನೆಯ ಬಾಲ್ಕನಿಯಲ್ಲಿ, ಚಾರ್ಜಿಗೆ ಹಚ್ಚಿ, ಭಾನುವಾರ ಮತ್ತೆ ಒಯ್ಯುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಗ್ಯಾಲರಿ ಗುಡಿಸುವಾಗ ಬ್ಯಾಟರಿಯ ಆರೂ ಮುಚ್ಚಳಗಳು ತೆರೆದಿದ್ದವು. ಒಳಗಿನ ನೀರು, ಅನ್ನದ ಎಸರು ಸಣ್ಣಗೆ ಕುದಿಯುವಾಗಿನಂತೆ, ಗುಳುಗುಳು ಎನ್ನುತ್ತಿತ್ತು. ನಾನು ಕೇಳಿದ್ದು ಇದು. ಚಾರ್ಜಿಗೆ ಹಾಕದ ಬ್ಯಾಟರಿ ಕುದಿಯುವುದಿಲ್ಲ.

ಸಂಜೆ ನಡೆದದ್ದು ಹೀಗೆ. ಏಳೆಂಟು ಜನರನ್ನು ಕೂರಿಸಿಕೊಂಡು ನಡುನೀರಿಗೆ ಹೋಗಿ, ಹಕ್ಕಿಗಳನ್ನು ತೋರಿಸಲು ಎಂಜಿನ್ ನಿಲ್ಲಿಸಿದರು. ಮತ್ತೆ ಚಾಲು ಮಾಡಹೋದರೆ ಎಂಜಿನ್ ತಿರುಗಲಿಲ್ಲ. ಬೇಸಿಗೆಯ ಕೊನೆಯ ದಿನಗಳು, ಗಾಳಿ ಎದ್ದಿತು. ದೋಣಿ ದಂಡೆಯ ಬಂಡೆಗಳ ಕಡೆಗೆ ಸರಿಯಿತು. ಯಜಮಾನರು ಹಗ್ಗ ಹಿಡಿದು ನೀರಿಗಿಳಿದು ದೋಣಿಯನ್ನು ತಡೆದು ನಿಲ್ಲಿಸಲು ನೋಡಿದರು. ದೋಣಿಗೂ ಬಂಡೆಗೂ ನಡುವೆ ಸಿಕ್ಕರು. ಕುಳಿತಿದ್ದವರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ನಂತರದ ತಿಂಗಳುಗಳ ಬಗ್ಗೆ ಬರೆಯಲು ನನ್ನ ಬಳಿ ಹೆಚ್ಚೇನೂ ಇಲ್ಲ. ಅಡುಗೆ ಮಾಡುತ್ತಿದ್ದೆ, ಉಣ್ಣುತ್ತಿದ್ದೆ, ಪಾತ್ರೆ ತೊಳೆಯುತ್ತಿದ್ದೆ. ಅಳಲು ಬಂದ ಹೆಂಗಸರ ಜೊತೆ ಕುಳಿತು, ಅವರು ಅತ್ತು ಮುಗಿಸುವವರೆಗೆ ಕಾದು, ಚಹಾ ಕೊಟ್ಟು ಕಳಿಸುತ್ತಿದ್ದೆ. ಮಾಲೀಕರು ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಕಳಿಸಿಕೊಟ್ಟರು. ಅದನ್ನು ಗ್ಯಾಲರಿಯಲ್ಲಿ, ಅದರ ಹಳೆಯ ಜಾಗದಲ್ಲಿಯೇ ಇಟ್ಟೆ. ಪಕ್ಕದ ಮನೆಯವರು ಬಂದು, ಬರಿ ನೆಲದ ಮೇಲೆ ಇಟ್ಟರೆ ಬ್ಯಾಟರಿಯ ಶಕ್ತಿಯನ್ನು ನೆಲ ಹೀರಿಕೊಳ್ಳುತ್ತದೆ, ಕೆಳಗೆ ಹಲಗೆ ಹಾಕಿ ಎಂದರು. ಅದೂ ಎಲ್ಲರೂ ಹೇಳುವ ಮಾತೇ. ಎಲ್ಲರೂ ಹೇಳುತ್ತಾರೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಆಧಾರವೇನು ಎಂದು ನನಗೆ ಅನ್ನಿಸಿತು. ನನ್ನ ಕಲಿಕೆ ಆರಂಭವಾದದ್ದು ಅಲ್ಲಿಂದ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ, ಕನ್ನಡ ಶಾಲೆಯಲ್ಲಿ. ಆನಂತರದ್ದೆಲ್ಲ ಕೈಗೆ ಸಿಕ್ಕ ಕಾಗದಗಳಿಂದ ಕಲಿತದ್ದು. ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕದ ಫುಟ್‌ಪಾತಿನಲ್ಲಿ, ಮೋಟಾರು ವಾಹನಗಳ ವಿದ್ಯುತ್ ಕೆಲಸವನ್ನು ಕಲಿಯುವವರಿಗಾಗಿ ಬರೆದ ಒಂದು ಹಳೆಯ ಮರಾಠಿ ಪುಸ್ತಕ ಸಿಕ್ಕಿತು. ಮರಾಠಿಯನ್ನು ನಾನು ಬೆರಳಿಟ್ಟುಕೊಂಡು ಓದುವವಳು. ಆ ನಿಧಾನ ಒಳ್ಳೆಯದೇ ಆಯಿತು. ಅದರಿಂದ ತಿಳಿದ ಮೊದಲ ಸಂಗತಿ ನನಗೆ ಅನುಕೂಲವಾದದ್ದಲ್ಲ. ಚೆನ್ನಾಗಿರುವ ಬ್ಯಾಟರಿ ತುಂಬಿದ ಮೇಲೆ ಕುದಿಯುತ್ತದೆ, ನಿಜ. ಆದರೆ ಕೆಟ್ಟ ಬ್ಯಾಟರಿ ತುಂಬದೆಯೂ ಕುದಿಯುತ್ತದೆ. ಒಳಗಿನ ಸೀಸದ ತಗಡುಗಳ ಮೇಲೆ ಬಿಳಿ ಪೊರೆ ಕಟ್ಟಿಕೊಂಡಿದ್ದರೆ ಅದು ಶಕ್ತಿಯನ್ನು ಒಳಗೆ ಬಿಟ್ಟುಕೊಳ್ಳದೆ ಬರೀ ಸದ್ದು ಮಾಡುತ್ತದೆ. ಅಂದರೆ ನಾನು ಕೇಳಿದ ಗುಳುಗುಳು ಸದ್ದು ಒಂದೇ ಸಾಕ್ಷಿಯಾಗಲಾರದು. ಬೇರೆಯವರ ಮಾತನ್ನು ಅನುಮಾನಿಸುವವಳು ತನ್ನ ಕಿವಿಯನ್ನೂ ಅನುಮಾನಿಸಬೇಕಾಗುತ್ತದೆ. ಬ್ಯಾಟರಿ ಚೆನ್ನಾಗಿತ್ತೇ ಎಂಬುದು ಮೊದಲು ತೀರ್ಮಾನವಾಗಬೇಕಿತ್ತು.

ಬ್ಯಾಟರಿಯೊಳಗಿನ ಆಮ್ಲದ ಗಟ್ಟಿತನವನ್ನು ಅಳೆಯುವ ಒಂದು ಗಾಜಿನ ನಳಿಗೆಯಿದೆ, ಹೈಡ್ರೋಮೀಟರ್ ಎನ್ನುತ್ತಾರೆ. ತುದಿಯ ರಬ್ಬರಿನ ಚೆಂಡನ್ನು ಒತ್ತಿ ಬಿಟ್ಟರೆ ಆಮ್ಲ ಮೇಲೇರುತ್ತದೆ. ಒಳಗೆ ತೇಲುವ ಕಡ್ಡಿ ಹಸಿರು ಪಟ್ಟಿಯಲ್ಲಿ ನಿಂತರೆ ತುಂಬಿದೆ, ಕೆಂಪಿನಲ್ಲಿ ನಿಂತರೆ ಖಾಲಿ. ಅದನ್ನು ಕೊಳ್ಳಲು ನಮ್ಮ ಓಣಿಯ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವನು ಮರಾಠಿಯವನು, ತಮಾಷೆಯವನು.

“ಹೈಡ್ರೋಮೀಟರ್ ಕಶಾಲಾ ಮಾವಶಿ? ದೂಧ ಮೋಜಾಯಲಾ ಕಾ?” ಎಂದ. ಹಾಲು ಅಳೆಯಲಿಕ್ಕೇನು ಎಂದು ಅವನ ಪ್ರಶ್ನೆ. ಗವಳಿಯ ಹಾಲಿನ ನೀರನ್ನು ಹಿಡಿಯುವ ನಳಿಗೆಯೂ ನೋಡಲು ಸುಮಾರು ಹಾಗೆಯೇ ಇರುತ್ತದೆ.

“ದೂಧ ನಾಹೀ,” ಎಂದೆ. “ಬ್ಯಾಟರಿ.”

“ಅಹೋ, ಬ್ಯಾಟರಿ ಇಕಡೇ ಆಣಾ ನಾ! ಮೀ ಬಘತೋ.” ಇಲ್ಲಿ ತನ್ನಿ, ನಾನೇ ನೋಡುತ್ತೇನೆ ಎಂದ.

“ತುಮ್ಹೀ ಬಘೂನ ಸಾಂಗಣಾರ. ಮಲಾ ಬಘಾಯಚಂ ಆಹೆ.” ನೀವು ನೋಡಿ ಹೇಳುತ್ತೀರಿ, ನನಗೆ ನೋಡಬೇಕಾಗಿದೆ ಎಂದೆ. ಅವನು ನಳಿಗೆಯನ್ನು ಕಾಗದದಲ್ಲಿ ಸುತ್ತಿಕೊಟ್ಟ.

ಮೊದಲ ಸಲ ಅಳೆದಾಗ ಮುಚ್ಚಳಗಳ ಕೆಳಗಿನ ಆರೂ ಕೋಣೆಗಳು ಕೆಂಪು. ಬಟ್ಟಿ ಇಳಿಸಿದ ನೀರು ಹಾಕಿ, ಯಜಮಾನರ ಚಾರ್ಜರಿನಿಂದಲೇ ಕಡಿಮೆ ಪ್ರವಾಹದಲ್ಲಿ ನಿಧಾನವಾಗಿ ತುಂಬಿಸಿದೆ. ಐದು ಕೋಣೆಗಳು ಒಟ್ಟಿಗೆ ಹಸಿರಿಗೆ ಬಂದವು. ಒಂದು ಹಿಂದೆ ಬಿದ್ದು, ಆಮೇಲೆ ಸೇರಿಕೊಂಡಿತು. ಕಾರಿನ ಮುಂದಿನ ದೀಪದ ಬಲ್ಬೊಂದನ್ನು ತಂದು ಹಚ್ಚಿ ಕುಳಿತೆ. ಅದು ಮಂಕಾಗದೆ ಮಧ್ಯಾಹ್ನವೆಲ್ಲ ಉರಿಯಿತು. ಮತ್ತೆ ತುಂಬಿಸಿ ಬರಿ ನೆಲದ ಮೇಲೆ ದಿನಗಟ್ಟಲೆ ಬಿಟ್ಟು ಅಳೆದೆ. ಹಸಿರು ಹಸಿರಾಗಿಯೇ ಇತ್ತು. ನೆಲ ಏನನ್ನೂ ಹೀರಿರಲಿಲ್ಲ. ಬ್ಯಾಟರಿ ಚೆನ್ನಾಗಿತ್ತು, ಚಾರ್ಜರು ಚೆನ್ನಾಗಿತ್ತು. ಚೆನ್ನಾಗಿರುವ ಬ್ಯಾಟರಿ ತುಂಬಿದ ಮೇಲೆಯೇ ಹಾಗೆ ಕುದಿಯುವುದು. ಆ ಭಾನುವಾರ ಬೆಳಿಗ್ಗೆ ಅದು ತುಂಬಿತ್ತು.

ಇದು ಗೊತ್ತಾದ ದಿನ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸೀರೆಯ ಅಂಚಿನಲ್ಲಿ ಆಮ್ಲ ಬಿದ್ದು ತೂತುಗಳಾಗಿದ್ದವು; ಬೆರಳ ತುದಿಯ ಚರ್ಮ ಸುಲಿದಿತ್ತು. ಯಾವಾಗ ಸುಲಿಯಿತೋ ತಿಳಿದಿರಲಿಲ್ಲ, ಉಪ್ಪು ಹಾಕುವಾಗ ಕಂಡೆ.

ತುಂಬಿದ ಬ್ಯಾಟರಿ ಸಂಜೆಯ ಹೊತ್ತಿಗೆ ಖಾಲಿಯಾಗಬೇಕಾದರೆ ನಡುವೆ ಅದನ್ನು ಏನೋ ತಿಂದಿರಬೇಕು. ನನ್ನ ಮೊದಲ ಅನುಮಾನ ದೋಣಿಯ ತಂತಿಗಳ ಮೇಲೆ. ರಿಕ್ಷಾದಲ್ಲಿ ಪ್ರತಿ ದೀಪಕ್ಕೂ ಒಂದೇ ತಂತಿ ಎಳೆದರೆ ಸಾಕು. ಹಿಂದಿರುಗುವ ದಾರಿಯನ್ನು ರಿಕ್ಷಾದ ಕಬ್ಬಿಣದ ಮೈಯೇ ಒದಗಿಸುತ್ತದೆ. ಗ್ಯಾರೇಜುಗಳಲ್ಲಿ ಆ ದಾರಿಗೆ ‘ಅರ್ಥ್’, ಅಂದರೆ ಇಂಗ್ಲಿಷಿನಲ್ಲಿ ನೆಲ, ಎನ್ನುತ್ತಾರೆ. ಫೈಬರಿನ ದೋಣಿಗೆ ಕಬ್ಬಿಣದ ಮೈಯಿಲ್ಲ. ಪ್ರತಿ ದೀಪಕ್ಕೂ ಹೋಗುವ ತಂತಿ ಬೇರೆ, ಬರುವ ತಂತಿ ಬೇರೆ ಬೇಕು. ದೋಣಿಗೆ ತಂತಿ ಎಳೆದವನು ರಿಕ್ಷಾದ ಮಿಸ್ತ್ರಿ ಎಂದು ಯಜಮಾನರು ಒಮ್ಮೆ ಹೇಳಿದ್ದರು. ಅವನು ರಿಕ್ಷಾದ ರೂಢಿಯಂತೆ ತಂತಿಯ ತುದಿಯನ್ನು ತಳದ ಯಾವುದೋ ಬೋಲ್ಟಿಗೆ ಕಟ್ಟಿದ್ದರೆ, ತಳದಲ್ಲಿ ನಿಂತ ನೀರಿನ ಮೂಲಕ ಶಕ್ತಿ ಸದಾ ಸೋರುತ್ತಿರಬಹುದು. ಪರೀಕ್ಷಿಸುವುದು ಸುಲಭ. ಎಲ್ಲ ಸ್ವಿಚ್ಚುಗಳನ್ನೂ ಬಂದ್ ಮಾಡಿ, ಬ್ಯಾಟರಿಗೂ ದೋಣಿಗೂ ನಡುವೆ ಪ್ರವಾಹ ಅಳೆಯುವ ಮಾಪಕವನ್ನು ಕೂಡಿಸಬೇಕು. ಮುಳ್ಳು ಅಲುಗಿದರೆ ಸೋರುತ್ತಿದೆ ಎಂದರ್ಥ.

ಅಂಥದೊಂದು ಮಾಪಕ ಕೊಂಡು, ಮಾಲೀಕರಿಗೆ ಫೋನು ಮಾಡಿ, ಬ್ಯಾಟರಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಪಾನಶೇತಕ್ಕೆ ಹೋದೆ. ದೋಣಿಯನ್ನು ದಂಡೆಗೆ ಎಳೆದು ಮಳೆಗೆ ಹೊದಿಸುವ ತಾಡಪತ್ರಿ ಹೊದಿಸಿದ್ದರು.

“ಅವತ್ತಿನಿಂದ ಯಾರೂ ಮುಟ್ಟಲಿಲ್ಲ ಅಮ್ಮಾ,” ಎಂದರು ಮಾಲೀಕರು. “ಬ್ಯಾಟರಿ ಬಿಚ್ಚಿ ನಿಮಗೆ ಕಳಿಸಿದ್ದಷ್ಟೇ. ನನಗೆ ಇದರ ಹತ್ತಿರ ಬರ್ಲಿಕ್ಕೇ ಮನಸ್ಸಾಗುದಿಲ್ಲ. ನೀವು ಎಂತ ನೋಡುದು ಇದರಲ್ಲಿ?”

“ಬ್ಯಾಟರಿ ಯಾಕ ಖಾಲಿ ಆತು ಅಂತ ನೋಡ್ತೀನ್ರಿ.”

“ಅದು ಗೊತ್ತುಂಟಲ್ಲ ಅಮ್ಮಾ. ಪಾಪ, ಮರೆತರು. ಮನುಷ್ಯ ಅಂದ ಮೇಲೆ ಮರೆಯುದೇ.”

ಅವರ ಜೊತೆ ಅವರ ಸೋದರಳಿಯ ಕೂಡ ಇದ್ದರು. ಮೂವತ್ತು ದಾಟಿದ ಮನುಷ್ಯ; ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯ ಹೋಟೆಲುಗಳಲ್ಲಿ. ಆ ವರ್ಷ ಮಾವನ ನೆರವಿಗೆಂದು ಬಂದಿದ್ದರು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡವನ್ನು ಗಿರಾಕಿಗಳಿಂದ ಕಲಿತದ್ದು. ತಾಡಪತ್ರಿ ಸರಿಸಿ ಬ್ಯಾಟರಿಯನ್ನು ಎತ್ತಿ ಒಳಗಿಟ್ಟವರು ಅವರೇ.

ಸ್ವಿಚ್ಚುಗಳೆಲ್ಲ ಬಂದ್ ಇವೆ ಎಂದುಕೊಂಡು ನಾನು ಮಾಪಕವನ್ನು ನಡುವೆ ಕೂಡಿಸಿ ತಂತಿಯನ್ನು ಮುಟ್ಟಿಸಿದೆ. ಮುಳ್ಳು ಅಲುಗುವುದಲ್ಲ, ಎಗರಿತು. ಅಷ್ಟು ದೊಡ್ಡ ಸೋರಿಕೆ ಒದ್ದೆಯಿಂದ ಆಗುವಂಥದ್ದಲ್ಲ. ತಲೆಯೆತ್ತಿ ನೋಡಿದೆ. ಚುಕ್ಕಾಣಿಯ ಪಕ್ಕದ ಹಲಗೆಯಲ್ಲಿ ಎರಡು ದೀಪದ ಸ್ವಿಚ್ಚುಗಳಿದ್ದವು. ಒಂದು ಒಳಗಿನ ಸಣ್ಣ ದೀಪದ್ದು. ಇನ್ನೊಂದು ಮಾಡಿನ ಮೇಲೆ ಮುಂದಕ್ಕೆ ಮುಖ ಮಾಡಿದ್ದ, ಕತ್ತಲಲ್ಲಿ ದಂಡೆ ಹುಡುಕುವ ದೊಡ್ಡ ದೀಪದ್ದು. ಅದು ಚಾಲೂ ಇತ್ತು. ಯಾರೂ ಮುಟ್ಟಿರಲಿಲ್ಲವೆಂದರೆ, ಅವತ್ತಿನಿಂದಲೂ ಚಾಲೂ ಇತ್ತು. ದೋಣಿಯಿಂದಿಳಿದು ಮುಂದೆ ಹೋಗಿ ನೋಡಿದೆ. ದೊಡ್ಡ ದೀಪ ಉರಿಯುತ್ತಿತ್ತು. ಹಗಲ ಬೆಳಕಿನಲ್ಲಿ, ಎದುರಿಗೇ ನಿಂತರೂ, ಅದು ಉರಿಯುತ್ತಿದೆಯೆಂದು ತಿಳಿಯಲು ಕೈಯಡ್ಡ ಹಿಡಿಯಬೇಕಾಯಿತು. ಒಳಗೆ ಕುಳಿತವರಿಗಂತೂ ಕಾಣುವುದೇ ಇಲ್ಲ.

ದೊಡ್ಡ ದೀಪ ಬ್ಯಾಟರಿಯನ್ನು ಎಷ್ಟು ತಿನ್ನುತ್ತದೆ ಎಂದು ಮುಳ್ಳು ತೋರಿಸಿತ್ತು: ನಾನು ಮನೆಯಲ್ಲಿ ಹಚ್ಚಿ ನೋಡಿದ ಕಾರಿನ ಬಲ್ಬಿನ ಎರಡರಷ್ಟು. ಮಧ್ಯಾಹ್ನವೆಲ್ಲ ಉರಿದು, ಆಮೇಲೆ ಎಂಜಿನ್ ಒಂದು ಸಲ ಚಾಲು ಮಾಡಿ, ನಿಧಾನವಾಗಿ ಹೋಗುವಾಗಲೂ ಉರಿದು, ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿದಾಗಲೂ ಉರಿದರೆ, ಎರಡನೆಯ ಸಲ ಎಂಜಿನ್ ತಿರುಗಿಸುವಷ್ಟು ಶಕ್ತಿ ಉಳಿಯುವುದಿಲ್ಲ. ತಾಳೆಯಾಯಿತು.

“ನೋಡಿ,” ಎಂದರು ಮಾಲೀಕರು, ದನಿ ತಗ್ಗಿಸಿ. “ಚಾರ್ಜ್ ಮಾಡುದು ಮರೆತದ್ದಲ್ಲ ಹಾಗಾದ್ರೆ. ಲೈಟು ಮರೆತದ್ದು.”

ಇಷ್ಟು ತಿಂಗಳು ಕಲಿತದ್ದೆಲ್ಲ ಮರೆವನ್ನು ಬ್ಯಾಟರಿಯಿಂದ ಎತ್ತಿ ದೀಪದ ಮೇಲಿಡಲಿಕ್ಕೇ ಎಂಬಂತಾಗಿತ್ತು. ಮಾಪಕದ ತಂತಿಗಳನ್ನು ಬಿಚ್ಚತೊಡಗಿದೆ.

ಆಗ ಸೋದರಳಿಯ ಮಾತಾಡಿದರು. “ಮರೆತಿಲ್ಲ ಮಾಮಾ. ಲೈಟ್ ಅವರೇ ಹಾಕ್ಲಿಕ್ಕೆ ಹೇಳಿದ್ದು.”

“ಯಾರು?”

“ಅವರೇ. ಮಧ್ಯಾಹ್ನ ಊಟಕ್ಕೆ ಮೇಲೆ ಹೋಗುವಾಗ ತಿರುಗಿ ನೋಡಿ ಹೇಳಿದ್ರು. ನಾನು ಒಳಗೆ ಸೀಟು ಒರೆಸ್ತಾ ಇದ್ದೆ. ಆ ಸಣ್ಣ ಲೈಟ್ ಉರೀತಿತ್ತು. ಅದನ್ನು ತೋರಿಸಿ, ‘ದೀಪ ದೊಡ್ಡದು ಮಾಡ್ರಿ’ ಅಂದ್ರು. ನಾನು ಸಣ್ಣದು ಆಫ್ ಮಾಡಿ ದೊಡ್ಡದು ಹಾಕಿದೆ. ಬಿಸಿಲಲ್ಲಿ ಯಾಕೆ ಅಂತ ಕೇಳ್ಬೇಕು ಅಂದ್ಕೊಂಡೆ. ಅವರಿಗೆ ಗೊತ್ತುಂಟು, ಎಂತದೋ ಚೆಕ್ ಮಾಡ್ತಾರೆ ಅಂತ ಸುಮ್ಮನಾದೆ.”

ನಮ್ಮ ಕಡೆ ದೀಪವನ್ನು ಆರಿಸು ಎನ್ನುವುದಿಲ್ಲ. ಆರುವುದು ಸಾವಿನ ಮನೆಯ ಮಾತು. ಮನೆಯ ದೀಪದ ವಿಷಯದಲ್ಲಿ ಅದನ್ನು ಬಾಯಿಗೆ ತರಬಾರದು. ದೊಡ್ಡದು ಮಾಡು ಎನ್ನುತ್ತೇವೆ. ಅದರ ಅರ್ಥ ಆರಿಸು ಎಂದೇ. ಎಣ್ಣೆಯ ದೀಪ ಹೋಗಿ ವಿದ್ಯುತ್ತಿನ ಬಲ್ಬು ಬಂದರೂ ನಮ್ಮ ಅತ್ತೆಯವರ ಕಾಯಿದೆ ಸಡಿಲವಾಗಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ನಾನೊಮ್ಮೆ ಲೈಟು ಆರಿಸಲೇ ಎಂದು ಕೇಳಿದ್ದಕ್ಕೆ, ಬಾಯಿ ತೊಳೆದುಕೊಂಡು ಬಾ ಎಂದು ಬಚ್ಚಲಿಗೆ ಅಟ್ಟಿದ್ದರು. ಅವರ ಮಗ ಆ ಮಾತನ್ನು ಬೇರೆ ರೀತಿಯಲ್ಲಿ ಆಡಬಲ್ಲವರೇ ಆಗಿರಲಿಲ್ಲ.

ನಾನು ಇದನ್ನು ಆ ಮನುಷ್ಯರಿಗೆ ಹೇಳಿದೆ. ದನಿ ಏರಿಸಲಿಲ್ಲ. ಏರಿಸಲು ಒಳಗೆ ಏನೂ ಇರಲಿಲ್ಲ.

ಅವರು ಸ್ವಿಚ್ಚುಗಳನ್ನು ನೋಡಿದರು, ನನ್ನನ್ನು ನೋಡಿದರು. “ನಾನು ಅವರು ಹೇಳಿದ್ದನ್ನೇ ಮಾಡಿದೆ ಅಕ್ಕಾ.”

“ಹೌದ್ರಿ. ಹೇಳಿದ್ದನ್ನಽ ಮಾಡೀರಿ.”

“ನಮ್ಮಲ್ಲಿ ಹಾಗೆ ಹೇಳುದಿಲ್ಲ ಅಕ್ಕಾ.”

“ಗೊತ್ತಾತ್ರಿ.”

ಮಾಲೀಕರು ದೊಡ್ಡ ದೀಪದ ಸ್ವಿಚ್ಚನ್ನು ಬಂದ್ ಮಾಡಿ, “ಇದನ್ನು ನಾಲ್ಕು ಜನರಿಗೆ ಹೇಳಿ ಯಾರಿಗೆ ಎಂತ ಪ್ರಯೋಜನ ಅಮ್ಮಾ,” ಎಂದರು. ನಾನು, ಹೇಳುವುದು ಬಿಡುವುದು ನನ್ನ ವಿಚಾರ, ನೀವು ಮಾತ್ರ ಇನ್ನು ಮೇಲೆ ಅವರು ಮರೆತರು ಎನ್ನಬೇಡಿ ಎಂದೆ. ಆಗಲಿ ಎಂದರು. ಸೋದರಳಿಯ ಬ್ಯಾಟರಿಯನ್ನು ಎತ್ತಿ ರಿಕ್ಷಾದಲ್ಲಿಟ್ಟರು.

ವರ್ಷದ ಶ್ರಾದ್ಧ ಧನಕವಡಿಯ ನಮ್ಮ ಮನೆಯಲ್ಲೇ ನಡೆಯಿತು. ಭಾವ ಅತ್ತೆಯವರನ್ನು ಊರಿನಿಂದ ಕರೆತಂದಿದ್ದರು. ಊಟಕ್ಕೆ ಕುಳಿತಾಗ, ಅಡತಿಯಿಂದ ಬಂದಿದ್ದ ಯಜಮಾನರ ಜೊತೆಗಾರರೊಬ್ಬರು ಏನಾಯಿತೆಂದು ಕೇಳಿದರು. ಭಾವ ಕಾದಿದ್ದವರಂತೆ ಶುರು ಮಾಡಿದರು.

“ಏನ್ ಹೇಳೂದ್ರಿ. ಭಾಳ ಹುಷಾರ್ ಮನಶ್ಯಾ. ಬ್ಯಾಟರಿ ಚಾರ್ಜಿಗಿ ಹಚ್ಚೂದು ಮರತ್ನಂತ. ಅಷ್ಟಽ.”

“ಮರತಿಲ್ರಿ ಭಾವನೋರ,” ಎಂದೆ ನಾನು ಬಡಿಸುತ್ತ. “ಹಚ್ಚಿದ್ರು. ಭರ್ತಿ ತುಂಬಿತ್ತು. ನಾ ಅಳದು ನೋಡೀನಿ.”

“ಮತ್ತ ಎಂಜಿನ್ ಯಾಕ ಚಾಲೂ ಆಗ್ಲಿಲ್ಲ?”

“ದೋಣಿ ಮ್ಯಾಲಿನ ದೊಡ್ಡ ದೀಪ ಮಧ್ಯಾಹ್ನೆಲ್ಲಾ ಉರದದ.”

“ಹಂಗಾರ ದೀಪ ಮರತಾನ. ಎಲ್ಲಾ ಒಂದಽ ಆತಲ್ಲ!”

“ದೀಪಾನೂ ಮರತಿಲ್ರಿ.”

“ಏನವಾ ಇದು! ಬ್ಯಾಟರಿ ಮರತಿಲ್ಲ, ದೀಪ ಮರತಿಲ್ಲ. ಕರೆಂಟ್ ತಾನಽ ಇಳದು ಈಸಾಕ ಹೋತೇನು?”

ಯಾರೋ ನಕ್ಕರು, ನಕ್ಕದ್ದು ಎಂಥ ಮಾತಿಗೆ ಎಂದು ನೆನಪಾಗಿ ಸುಮ್ಮನಾದರು. ಅತ್ತೆ ಗೋಡೆಗೊರಗಿ ಕುಳಿತಿದ್ದರು. ನಾನು ಅವರ ಕಡೆ ನೋಡಿದೆ. ಮುಂದಿನ ಮಾತನ್ನು ಹೇಳಿದರೆ ಅವರ ಮಗನ ಮೇಲಿನ ಮರೆವಿನ ಅಪವಾದ ಕಳೆಯುತ್ತದೆ. ‘ದೊಡ್ಡದು ಮಾಡು’ ಎಂಬ ಮಾತನ್ನು ಮಗನ ಬಾಯಿಗೆ ಹಾಕಿದವರು ಯಾರೆಂಬುದು ಆ ಕೋಣೆಯಲ್ಲಿದ್ದ ನಮ್ಮ ಕಡೆಯವರಿಗೆಲ್ಲ ತಾನಾಗಿಯೇ ತಿಳಿಯುತ್ತದೆ. ಅದೆಲ್ಲ ಆ ಗಳಿಗೆಯಲ್ಲಿಯೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಮಧ್ಯಾಹ್ನ ಊಟಕ್ಕೆ ಹೊರಟಾಗ ಸಣ್ಣ ದೀಪ ಉರಿಯುವುದನ್ನು ಅವರು ಕಂಡದ್ದು, ದೋಣಿಯಲ್ಲಿದ್ದವರಿಗೆ ಹೇಳಿದ್ದು, ಆ ಮನುಷ್ಯ ಮುಂಬಯಿಯಲ್ಲಿ ಬೆಳೆದವರೆಂಬುದು.

“ಏನಂದಿದ್ದಾ ಅವಾ?” ಎಂದು ಅತ್ತೆ ಕೇಳಿದರು.

“‘ದೀಪ ದೊಡ್ಡದು ಮಾಡ್ರಿ’ ಅಂದಿದ್ರಂತ, ಅತ್ತಿ.”

ಎಲ್ಲರ ಕೈಯೂ ಎಲೆಯ ಮೇಲೆ ನಿಂತಿತು. ಯಾರಿಗೂ ವಿವರಿಸಬೇಕಾಗಲಿಲ್ಲ.

“ಸರಿಯಾಗೇ ಅಂದಾನಲ್ಲ,” ಎಂದರು ಅತ್ತೆ. “ಮತ್ತೇನನ್ನಬೇಕಿತ್ತು?”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಹೇಳಲಾಗದು. ಅದನ್ನು ಅಳೆಯುವ ನಳಿಗೆ ಯಾವುದೂ ಇಲ್ಲ.

“ಹೌದ್ರಿ ಅತ್ತಿ,” ಎಂದೆ. “ಸರಿಯಾಗೇ ಅಂದ್ರು.”

ಅಂದಿನಿಂದ ಭಾವ, ತಮ್ಮ ಮರೆತ ಎಂಬ ಮಾತನ್ನು ಬಿಟ್ಟರು. ಯಾರಾದರೂ ಕೇಳಿದರೆ, ಎಂಜಿನ್ ಭಾಳ ಹಳೇದಿತ್ರಿ, ಕೈ ಕೊಟ್ಟಿತು ಎನ್ನುತ್ತಿದ್ದರು. ಹೆಚ್ಚಾಗಿ ಅತ್ತೆ ಹತ್ತಿರದಲ್ಲಿದ್ದಾಗ. ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ನಾನು ತಿದ್ದಲಿಲ್ಲ.